ಸ್ಯಾನ್ ಡಿಯಾಗೊಗೆ ಬರುತ್ತಿರುವ ತಮ್ಮನಿಗೆ

ಓದಲು ಸ್ಯಾನ್ ಡಿಯಾಗೊಗೆ ಬರುತ್ತಿದ್ದೀಯ ಅಂತ ತಿಳಿದು ಖುಷಿಯಾಯಿತು. ಬಾಡಿಗೆ, ಅಡುಗೆ ಸಾಮಾನು ಎಲ್ಲ ಕೇಳಿ, ಕೊನೆಗೆ "ಅಕ್ಕ, ಅಲ್ಲಿ ಒಳ್ಳೇ ಕಾರ್ನೆ ಅಸಾಡಾ ಬುರಿಟೊ ಎಲ್ಲಿ ಸಿಗುತ್ತೆ?" ಅಂದಿದ್ದೀಯ. ಬಾಡಿಗೆ ಜಾಸ್ತಿ, ಮೂರು ನಾಲ್ಕು ಜನ ಸೇರಿ ಮನೆ ಹಿಡಿಯಿರಿ. ಕುಕ್ಕರ್ ತಾ, ಅಮ್ಮನ ಸಾರಿನ ಪುಡಿ ತಾ. ಉಳಿದದ್ದು ಇಲ್ಲೇ ಸಿಗುತ್ತದೆ.

ಬುರಿಟೊ ಅಂದರೆ ತೆಳು ರೊಟ್ಟಿಯಲ್ಲಿ ತುಂಬಿ ಸುತ್ತಿದ್ದು, ಕಾರ್ನೆ ಅಸಾಡಾ ಅಂದರೆ ಸುಟ್ಟ ದನದ ಮಾಂಸ. ತಿನ್ನುತ್ತೇನೆ ಅಂತ ಬರೆದಿದ್ದೀಯ. ಮನೆಯಲ್ಲಿ ಹೇಳುವುದು, ಬಿಡುವುದು ನಿನಗೇ ಗೊತ್ತು.

2009ರಲ್ಲಿ ನಾನು ಬಂದ ವಾರವೇ ಒಂದು ತಿಂದೆ. ಒಳಗೆ ಅನ್ನ ಇರುತ್ತದೆ ಅಂದುಕೊಂಡಿದ್ದೆ, ಇರಲಿಲ್ಲ. ಅನ್ನ, ಕಾಳು ತುಂಬುವುದು ಸ್ಯಾನ್ ಫ್ರಾನ್ಸಿಸ್ಕೊದ ಮಿಷನ್ ಬಡಾವಣೆಯ ರೂಢಿ. ಇಲ್ಲಿ ಮಾಂಸ, ಬೆಣ್ಣೆಹಣ್ಣಿನ ಗ್ವಾಕಮೋಲೆ, ಹೆಚ್ಚಿದ ಟೊಮೆಟೊ-ಈರುಳ್ಳಿ-ಕೊತ್ತಂಬರಿ, ಅಷ್ಟೇ. ಆಲೂಗಡ್ಡೆ ಫ್ರೈಸ್ ಸೇರಿಸಿದರೆ ಅದು ಕ್ಯಾಲಿಫೋರ್ನಿಯಾ ಬುರಿಟೊ. ಸುತ್ತುವ ರೊಟ್ಟಿ, ಅಂದರೆ ಟೊರ್ಟಿಯಾ, ಗೋಧಿಯದು. ನಮ್ಮಲ್ಲಿ ರಾಗಿ ಸೀಮೆ, ಜೋಳದ ಸೀಮೆ ಇದ್ದ ಹಾಗೆ ಮೆಕ್ಸಿಕೊದ ಉತ್ತರ ಗೋಧಿಯ ಸೀಮೆ.

ಊರಲ್ಲಿ 'ಬರ್ಟೋಸ್' ಅಂತ ಕೊನೆಯಾಗುವ ಅಂಗಡಿಗಳು ಬಹಳ. ರಾಬರ್ಟೋಸ್ 1964ರಿಂದ ಇದೆ, ಉಳಿದವರು ಆ ಹೆಸರಿನ ಜಾಡು ಹಿಡಿದವರು. ನನ್ನ ಮಾತು ಕೇಳಿದರೆ ದಕ್ಷಿಣಕ್ಕೆ ಹೋಗು. 2021ರಿಂದ ಯೂನಿವರ್ಸಿಟಿಯಿಂದಲೇ ಬ್ಲೂ ಲೈನ್ ಟ್ರಾಲಿ ರೈಲು ಇದೆ. ಬಾರಿಯೊ ಲೋಗನ್, ಚುಲಾ ವಿಸ್ತಾ ದಾಟಿ ಮೆಕ್ಸಿಕೊ ಗಡಿಯ ಸ್ಯಾನ್ ಇಸಿದ್ರೊವರೆಗೂ ಹೋಗುತ್ತದೆ. ಚುಲಾ ವಿಸ್ತಾದ ಲೋಲಿತಾಸ್ ನನಗಿಷ್ಟ. ಎಲ್ಲಿಗೇ ಹೋದರೂ ಒಳಗೆ ಇಣುಕಿ ನೋಡು. ಮಾಂಸ ನಿನ್ನ ಕಣ್ಣೆದುರು ಹೆಂಚಿಗೆ ಬಿದ್ದು ಚುರ್ರ್ ಅನ್ನಬೇಕು. ಬೆಳಿಗ್ಗೆಯೇ ಹೆಚ್ಚಿ ಬಿಸಿ ತಟ್ಟೆಯಲ್ಲಿ ಇಟ್ಟಿದ್ದರೆ ಬೇಡ.

ಆದರೆ ನಾನು ತಿನ್ನದೇ ಬಿಟ್ಟದ್ದೇ ನನ್ನನ್ನು ಇವತ್ತಿಗೂ ಕಾಡುತ್ತದೆ. ನಮ್ಮ ಲ್ಯಾಬಿನಲ್ಲಿ ಮೆಕ್ಸಿಕೊದ ತಿಹುವಾನಾದಿಂದ ದಿನಾ ಗಡಿ ದಾಟಿ ಕೆಲಸಕ್ಕೆ ಬರುವ ಒಬ್ಬರು ಇದ್ದರು. "ಭಾನುವಾರ ನಮ್ಮಲ್ಲಿ ಕಾರ್ನೆ ಅಸಾಡಾ, ಬಾ" ಅಂತ ಕರೆದರು. ಊಟಕ್ಕೆ ಅಷ್ಟು ದೂರ ಯಾಕೆ ಅಂದುಕೊಂಡೆ. ಆ ಕಡೆ ಅದು ಅಡುಗೆಯ ಹೆಸರಷ್ಟೇ ಅಲ್ಲ, ಹಿತ್ತಲಲ್ಲಿ ಕೆಂಡ ಹಾಕಿ ನೆಂಟರು, ಅಕ್ಕಪಕ್ಕದವರು ಎಲ್ಲ ಸೇರುವುದಕ್ಕೂ ಅದೇ ಹೆಸರು. ಇದು ನನಗೆ ತಡವಾಗಿ ಗೊತ್ತಾಯಿತು. ಗಡಿ ದಾಟಿದರೆ ವಾಪಸ್ ಬಿಡದಿದ್ದರೆ ಅನ್ನುವ ಭಯವೂ ಇತ್ತು. "ನೋಡೋಣ" ಅಂದೆ. ನಮ್ಮ ಕಡೆ ನೋಡೋಣ ಅಂದರೆ ಇನ್ನೊಂದು ಸಲ ಕರೆಯುತ್ತಾರೆ, ಕೈ ಹಿಡಿದು ಎಳೆಯುತ್ತಾರೆ ಅಲ್ವಾ? ಅವರೂ ಮೂರು ಸಲ ಕರೆದರು. ಮೂರು ಸಲವೂ ನೋಡೋಣ ಅಂದೆ. ಆಮೇಲೆ ಕರೆಯಲಿಲ್ಲ. ಮರುವರ್ಷ ಅವರು ಕೆಲಸ ಬಿಟ್ಟು ಹೋದರು. ನಂಬರ್ ಕೂಡ ತೆಗೆದುಕೊಂಡಿರಲಿಲ್ಲ.

ಆಗ ಒಬ್ಬರನ್ನು ಕೇಳಿದ್ದರೆ ಸಾಕಿತ್ತು. ನಿನ್ನನ್ನು ಯಾರಾದರೂ ಆ ಕಡೆ ಕರೆದರೆ, ವೀಸಾ ಚಾಲ್ತಿಯಲ್ಲಿದೆಯಾ, ಯೂನಿವರ್ಸಿಟಿ ಕೊಡುವ ಐ-20 ಪತ್ರದಲ್ಲಿ ಪ್ರಯಾಣದ ಸಹಿ ಇದೆಯಾ ನೋಡಿಕೊ. ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲಿ ವಿಚಾರಿಸು. ಆಮೇಲೆ ಹೋಗು.

ಈಗ ನಮ್ಮ ಹಿತ್ತಲಲ್ಲೂ ಒಂದು ಕೆಂಡದ ಒಲೆ ಇದೆ. ಬಂದಿಳಿದ ಮೊದಲ ಶನಿವಾರವೇ ಬಾ, ರೂಮಿನವರನ್ನೂ ಕರೆದುಕೊಂಡು ಬಾ. ಬರುವಾಗ ನಿಂಬೆಹಣ್ಣು ತಾ.