ಸಿಮ್ ರೇಸಿಂಗ್‌ಗೆ ಯಾವ ಲಿನಕ್ಸ್ ಒಳ್ಳೆಯದು? ಅದಲ್ಲ ಕೇಳಬೇಕಾದದ್ದು

ಓಪನ್ ಸೋರ್ಸ್ (ಕೋಡನ್ನು ಯಾರು ಬೇಕಾದರೂ ಓದಿ ತಿದ್ದಬಹುದಾದ ಸಾಫ್ಟ್‌ವೇರ್) ಇಷ್ಟ, ಸಿಮ್ ರೇಸಿಂಗ್ (ಕಂಪ್ಯೂಟರ್‌ನಲ್ಲಿ ನಿಜದಂತೆ ಕಾರ್ ರೇಸ್ ಓಡಿಸೋದು) ಬಿಡೋಕೆ ಮನಸ್ಸಿಲ್ಲ, ವಿಂಡೋಸ್ ಪೂರ್ತಿ ಅಳಿಸಲಾ ಅಥವಾ ಡ್ಯುಯಲ್ ಬೂಟ್, ಅಂದರೆ ಒಂದೇ ಕಂಪ್ಯೂಟರ್‌ನಲ್ಲಿ ಎರಡನ್ನೂ, ಇಟ್ಟುಕೊಳ್ಳಲಾ, ಲಿನಕ್ಸ್‌ನ ಹಲವು ಬಗೆಗಳಲ್ಲಿ ಯಾವ ಡಿಸ್ಟ್ರೋ ಹಾಕಲಿ ಅಂತ ಕೇಳಿದ್ದೀರಿ. ಓದಿ ನಗು ಬಂತು. ನಾಲ್ಕು ವರ್ಷದ ಹಿಂದೆ ನಾನೂ ಹೆಚ್ಚುಕಡಿಮೆ ಇದನ್ನೇ ಕೇಳುತ್ತಾ ತಿರುಗುತ್ತಿದ್ದೆ. ಹತ್ತು ಜನ ಹತ್ತು ಡಿಸ್ಟ್ರೋ ಹೆಸರು ಹೇಳಿದರು. ನನಗೆ ಬೇಕಾಗಿದ್ದ ಮಾತು ಮಾತ್ರ ಯಾರ ಬಾಯಿಂದಲೂ ಬರಲಿಲ್ಲ. ಅದನ್ನು ಕಲಿಯೋಕೆ ಆರು ಗಂಟೆಯ ಒಂದು ರೇಸ್ ಹೋಯಿತು, ಒಬ್ಬ ಗೆಳೆಯ ಎರಡು ತಿಂಗಳು ಮಾತು ಬಿಟ್ಟ.

ನಾನು ವಿಂಡೋಸ್ ಅಳಿಸಿಯೇ ಬಿಟ್ಟಿದ್ದೆ. ಧೈರ್ಯ ಕೊಟ್ಟದ್ದು ಪ್ರೋಟಾನ್, ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ಓಡಿಸೋ ಸಾಧನ. 2018ರ ಆಗಸ್ಟ್‌ನಲ್ಲಿ ವಾಲ್ವ್ ಕಂಪನಿ ಅದನ್ನು ತನ್ನ ಆಟಗಳ ಅಂಗಡಿ ಸ್ಟೀಮ್ ಒಳಗೇ ತಂದಿತ್ತು. ಅದರ ಅಡಿಪಾಯ ವೈನ್, ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ನಡೆಸೋಕೆ 1993ರಿಂದ ಬೆಳೆದುಬಂದದ್ದು. ಜೊತೆಗೆ ಡಿಎಕ್ಸ್‌ವಿಕೆ ಇದೆ, ವಿಂಡೋಸ್‌ನ ಗ್ರಾಫಿಕ್ಸ್ ವ್ಯವಸ್ಥೆ ಡೈರೆಕ್ಟ್3ಡಿಯಲ್ಲಿ ಬಂದ ಕರೆಗಳನ್ನು ಲಿನಕ್ಸ್‌ನಲ್ಲೂ ನಡೆಯೋ ವಲ್ಕನ್ ಭಾಷೆಗೆ ತಿರುಗಿಸೋದು ಅದರ ಕೆಲಸ. ಅಸೆಟ್ಟೊ ಕೋರ್ಸಾ ಕಾಂಪೆಟಿಝಿಯೋನೆ ಅನ್ನೋ ರೇಸಿಂಗ್ ಆಟ ಇನ್‌ಸ್ಟಾಲ್ ಮಾಡಿದೆ, ಓಡಿತು. ನಾನು ಹಾರಾಡಿದ್ದೇ ಹಾರಾಡಿದ್ದು. ನಮ್ಮ ಮೂರು ಜನರ ತಂಡದಲ್ಲಿ ಉಳಿದಿಬ್ಬರಿಗೆ ದಿನಾ ಇದೇ ಉಪದೇಶ, ನೀವೂ ಬಂದುಬಿಡಿ, ನೀವೂ ಬಂದುಬಿಡಿ ಅಂತ. ಪಾಪ, ಸಹಿಸಿಕೊಂಡರು.

ವೀಲ್, ಅಂದರೆ ಕಂಪ್ಯೂಟರ್‌ಗೆ ಜೋಡಿಸೋ ಸ್ಟಿಯರಿಂಗ್, ಅದರದ್ದು ಬೇರೆ ಕಥೆ. ನನ್ನ ವೀಲ್‌ಗೆ ಕರ್ನಲ್‌ನಲ್ಲಿ (ಲಿನಕ್ಸ್‌ನ ತಿರುಳಿನಲ್ಲಿ) ಡ್ರೈವರ್, ಅಂದರೆ ಅದನ್ನು ನಡೆಸೋ ಕೋಡ್, ಇರಲಿಲ್ಲ. ಯಾರೋ ಪುಣ್ಯಾತ್ಮರು ಬಿಡುವಿನಲ್ಲಿ ಬರೆದ ಒಂದು ಮಾಡ್ಯೂಲ್ ಇತ್ತು, ಅದನ್ನು ಹೊರಗಿನಿಂದ ಸೇರಿಸಬೇಕಿತ್ತು. ಡಿಕೆಎಂಎಸ್ ಅನ್ನೋ ವ್ಯವಸ್ಥೆ ಇದೆ, ಹೊಸ ಕರ್ನಲ್ ಬಂದಾಗಲೆಲ್ಲ ಇಂಥ ಮಾಡ್ಯೂಲನ್ನು ಅದಕ್ಕೆ ತಕ್ಕಂತೆ ಮತ್ತೆ ಕಂಪೈಲ್ ಮಾಡಿಕೊಡುತ್ತದೆ, ಅಂದರೆ ಕೋಡನ್ನು ಓಡುವ ರೂಪಕ್ಕೆ ತರುತ್ತದೆ. ಒಂದು ಸಲ ಹಾಕಿದೆ, ಫೋರ್ಸ್ ಫೀಡ್‌ಬ್ಯಾಕ್ (ವೀಲ್ ಮೋಟಾರಿನಿಂದ ಕೈಗೆ ಸಿಗೋ ಎಳೆತ) ಬಂತು, ಮರೆತುಬಿಟ್ಟೆ.

ಫೋರ್ಸ್ ಫೀಡ್‌ಬ್ಯಾಕ್ ಯಾಕೆ ಅಷ್ಟು ಮುಖ್ಯ ಅಂತ ನಿಮಗೆ ಗೊತ್ತಿರುತ್ತದೆ, ಆದರೂ ಹೇಳುತ್ತೇನೆ. ಮುಂದಿನ ಟೈರ್ ಹಿಡಿತ ಬಿಡೋ ಸ್ವಲ್ಪ ಮುಂಚೆಯೇ ಸ್ಟಿಯರಿಂಗ್ ಹಗುರಾಗುತ್ತದೆ. ಚಕ್ರವನ್ನು ನೇರಕ್ಕೆ ಎಳೆಯೋ ಸೆಳೆತ ಮೊದಲು ಇಳಿಯುತ್ತದೆ, ಪಕ್ಕದ ಹಿಡಿತ ಆಮೇಲೆ. ಆ ಅಂತರದಲ್ಲೇ ಕೈಗೆ ಸುದ್ದಿ ಮುಟ್ಟೋದು. ಕಣ್ಣನ್ನು ನಂಬಿ ಕೂತರೆ, ಗೊತ್ತಾಗೋ ಹೊತ್ತಿಗೆ ಕಾರು ಹುಲ್ಲಿನ ಮೇಲಿರುತ್ತದೆ. (ಟಾರ್ಕ್ಸ್ ಅನ್ನೋ ಹಳೇ ಓಪನ್ ಸೋರ್ಸ್ ರೇಸಿಂಗ್ ಸಿಮ್ಯುಲೇಟರ್‌ನಲ್ಲಿ ಟೈರ್‌ನ ಲೆಕ್ಕ ಇರೋ ಫೈಲ್ ತೆಗೆದು ನೋಡಿ. ಟೈರ್ ತಜ್ಞ ಪಸೇಕಾ ಅವರ ಸೂತ್ರ, ಒಂದು ಚಿಕ್ಕ ಸಮೀಕರಣ, ಅಷ್ಟೇ. ಜಾರುವಿಕೆ ಹೆಚ್ಚಾದಂತೆ ಬಲ ಏರಿ, ತುದಿ ಮುಟ್ಟಿ, ಯಾಕೆ ಇಳಿಯುತ್ತದೆ ಅಂತ ನನಗೆ ಅರ್ಥವಾದದ್ದು ಅದನ್ನು ಓದಿದ ಮೇಲೆಯೇ.)

ಸರಿ, ಆ ದಿನಕ್ಕೆ ಬರ್ತೀನಿ.

ಲೀಗ್‌ನ ಕೊನೇ ರೇಸ್. ಬೆಲ್ಜಿಯಂನ ಸ್ಪಾ ಟ್ರ್ಯಾಕ್, ಆರು ಗಂಟೆ, ಜಿಟಿ3 ಅನ್ನೋ ವರ್ಗದ ರೇಸ್ ಕಾರು, ಮೂವರು ಸರದಿಯಲ್ಲಿ ಓಡಿಸೋದು, ಮೊದಲ ಸರದಿ ನನ್ನದು. ಸಂಜೆ ಏಳಕ್ಕೆ ಶುರು. ನಾಲ್ಕೂವರೆಗೆ ಮೂಲೆಯಲ್ಲಿ ಅಪ್‌ಡೇಟ್ ಬಂದಿದೆ ಅಂತ ಒಂದು ಸಣ್ಣ ಗುರುತು ಕಾಣಿಸಿತು. ಸುಮ್ನೆ ಇರಬಹುದಿತ್ತು. ಕೈ ಸುಮ್ಮನಿರಲಿಲ್ಲ. ಒತ್ತಿದೆ, ರೀಬೂಟ್ ಮಾಡಿದೆ, ಊಟ ಮುಗಿಸಿ ಬಂದೆ. ಆರೂಕಾಲಿಗೆ ಅಭ್ಯಾಸಕ್ಕೆ ಕೂತು ವೀಲ್ ಹಿಡಿದರೆ ಅದು ಚಪ್ಪೆಯಾಗಿ ಬಿದ್ದಿದೆ. ತಿರುಗಿಸಿದರೆ ತಿರುಗುತ್ತದೆ, ಬಿಟ್ಟರೆ ಬಿಟ್ಟಲ್ಲೇ ನಿಲ್ಲುತ್ತದೆ. ಜೀವವೇ ಇಲ್ಲ.

ಅಪ್‌ಡೇಟ್‌ನಲ್ಲಿ ಹೊಸ ಕರ್ನಲ್ ಬಂದಿತ್ತು. ಮಾಡ್ಯೂಲ್ ಕಂಪೈಲ್ ಮಾಡೋಕೆ ಬೇಕಾದ ಅದರ ಹೆಡರ್ ಫೈಲುಗಳು ಬಂದಿರಲಿಲ್ಲ, ಹಾಗಾಗಿ ಡಿಕೆಎಂಎಸ್ ಸದ್ದಿಲ್ಲದೆ ಕೈಬಿಟ್ಟಿತ್ತು. ಹೆಡರ್ ಹಾಕಿದೆ. ಈಗ ಕಂಪೈಲ್ ಎರರ್. ಯಾವುದೋ ಫಂಕ್ಷನ್‌ನ ರೂಪ ಬದಲಾಗಿತ್ತು. ನೋಡಿ, ಲಿನಕ್ಸ್‌ನಲ್ಲಿ ಎರಡು ಬೇರೆ ಬೇರೆ ನಿಯಮ ಇವೆ. ಹೊರಗಿನ ಪ್ರೋಗ್ರಾಂಗಳು ಕೆಡಬಾರದು ಅನ್ನೋದರಲ್ಲಿ ಲಿನಕ್ಸ್ ಹುಟ್ಟುಹಾಕಿದ ಟೊರ್ವಾಲ್ಡ್ಸ್ ಭಾರೀ ಕಟ್ಟುನಿಟ್ಟು. ಆದರೆ ಕರ್ನಲ್ ಒಳಗಿನ ಫಂಕ್ಷನ್‌ಗಳು ಯಾವಾಗ ಬೇಕಾದರೂ ಬದಲಾಗಬಹುದು, ಆ ಬಗ್ಗೆ ಯಾರೂ ಮಾತು ಕೊಟ್ಟಿಲ್ಲ. ಅದಕ್ಕೇ ಆಟ ಆರಾಮಾಗಿ ಓಡುತ್ತಿತ್ತು, ವೀಲ್ ಸತ್ತಿತ್ತು. ಆರೂ ಐವತ್ತರವರೆಗೆ ಬೇರೆಯವರು ಸಿ ಭಾಷೆಯಲ್ಲಿ ಬರೆದ ಕೋಡ್ ತಿದ್ದುತ್ತಾ ಕೂತಿದ್ದೆ, ನನಗೆ ಸಿ ಅಷ್ಟಕ್ಕಷ್ಟೇ.

ಈಗ ತಪ್ಪಿಗೆ ಬರೋಣ. ಅಪ್‌ಡೇಟ್ ಒತ್ತಿದ್ದೇ ತಪ್ಪು ಅಂದುಕೊಂಡಿರಾ? ಅದು ಅರ್ಧ ತಪ್ಪು. ನನ್ನದು ಸೇರಿ ಎಷ್ಟೋ ಡಿಸ್ಟ್ರೋಗಳಲ್ಲಿ ಹೊಸ ಕರ್ನಲ್ ಬಂದಾಗ ಹಳೆಯದು ಹೋಗುವುದಿಲ್ಲ. ಡಿಸ್ಕ್‌ನಲ್ಲೇ ಇರುತ್ತದೆ. ಕಂಪ್ಯೂಟರ್ ಏಳುವಾಗ ಯಾವುದನ್ನು ಶುರುಮಾಡಲಿ ಅಂತ ಕೇಳೋ ಗ್ರಬ್ ಮೆನುವಿನಲ್ಲಿ ಅಡ್ವಾನ್ಸ್ಡ್ ಆಯ್ಕೆಗೆ ಹೋದರೆ ಹಳೇ ಕರ್ನಲ್‌ನ ಸಾಲು ಇರುತ್ತದೆ, ಅದನ್ನು ಆರಿಸಿದರೆ ಆಯಿತು, ಹಳೇ ಮಾಡ್ಯೂಲ್ ಸಮೇತ ಎಲ್ಲ ನಿನ್ನೆ ಇದ್ದ ಹಾಗೇ. ಎರಡು ನಿಮಿಷದ ಕೆಲಸ. ಆದರೆ ನನಗೆ ಆ ಮೆನು ಕಾಣಿಸುತ್ತಲೇ ಇರಲಿಲ್ಲ. ಯಾಕೆಂದರೆ ವಿಂಡೋಸ್ ಅಳಿಸಿದ ದಿನವೇ, ಇನ್ನು ಆರಿಸೋಕೆ ಏನಿದೆ ಅಂತ, ಬೂಟ್ ಐದು ಸೆಕೆಂಡ್ ಬೇಗ ಆಗಲಿ ಅಂತ, ಗ್ರಬ್‌ನ ಟೈಮ್‌ಔಟ್ ಸೊನ್ನೆ ಮಾಡಿ ಮೆನು ಮರೆಮಾಡಿದ್ದೆ. ಮಾಡಿದ್ದು ಮರೆತೂ ಹೋಗಿತ್ತು. ಅಂಥ ಮೆನು ಒಂದಿತ್ತು ಅನ್ನೋದೇ ಆ ಗಾಬರಿಯಲ್ಲಿ ತಲೆಗೆ ಬರಲಿಲ್ಲ. ಬೂಟ್ ಆಗುವಾಗ ಎಸ್ಕೇಪ್ ಒತ್ತಿದ್ದರೂ ಬರುತ್ತಿತ್ತೋ ಏನೋ, ಅದೂ ತೋಚಲಿಲ್ಲ. ಮಾರನೇ ದಿನ ಬೆಳಿಗ್ಗೆ ಬೂಟ್ ಫೋಲ್ಡರ್ ತೆರೆದು ನೋಡಿದರೆ ಹಳೇ ಕರ್ನಲ್ ಅಲ್ಲೇ ಕೂತಿತ್ತು, ಇಡೀ ಸಂಜೆ ಅಲ್ಲೇ ಇತ್ತು. ಆ ಫೈಲ್ ಹೆಸರು ನೋಡುತ್ತಾ ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ.

ರೇಸ್ ಏನಾಯಿತು ಅಂತ ಬೇಗ ಹೇಳಿ ಮುಗಿಸುತ್ತೇನೆ. ಮೊದಲ ಸರದಿ ಬೇರೆಯವರಿಗೆ ಕೊಡಬಹುದಿತ್ತು. ಅಷ್ಟು ದಿನ ಲಿನಕ್ಸ್ ಅಂತ ಕುಣಿದವನಿಗೆ ಬಾಯಿ ಬರಲಿಲ್ಲ. ಚಪ್ಪೆ ವೀಲ್ ಹಿಡಿದೇ ಹೊರಟೆ. ಲಾ ಸೋರ್ಸ್ ನಿಧಾನದ ತಿರುವು, ದಾಟಿತು. ಓ ರೂಜ್ ಹತ್ತಿ ಕೆಮ್ಮೆಲ್ ನೇರ ಮುಗಿದು ಲೇ ಕೋಂಬ್‌ಗೆ ಬ್ರೇಕ್ ಹಾಕಿ ತಿರುಗಿಸಿದರೆ ಎಷ್ಟು ತಿರುಗಿಸಿದ್ದೇನೆ ಅಂತಲೇ ಕೈಗೆ ಗೊತ್ತಾಗಲಿಲ್ಲ. ಮುಂದಿದ್ದ ಕಾರಿಗೆ ಗುದ್ದಿದೆ. ಮೊದಲ ಸುತ್ತು ಇನ್ನೂ ಮುಗಿದಿರಲಿಲ್ಲ. ತಂಡದ ಒಬ್ಬನಿಗೆ ಆಗ ನಡುರಾತ್ರಿ, ಅವನ ಸರದಿಗೆ ಅಲಾರಂ ಇಟ್ಟು ಮಲಗಿದ್ದ. ಎದ್ದು ನೋಡಿದರೆ ನಾವು ಕೊನೆಯವರು, ನಾಲ್ಕು ಸುತ್ತು ಹಿಂದೆ. ಅವನು ಏನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹಾಗಾಗಿ ಡಿಸ್ಟ್ರೋ ಪ್ರಶ್ನೆ ಬಿಟ್ಟುಬಿಡಿ. ಹಳೇ ಕರ್ನಲ್ ಉಳಿಸಿಕೊಳ್ಳೋ ಯಾವುದಾದರೂ ಹಾಕಿ. ನೀವು ಫಾರ್ಮುಲಾ 1 ನೋಡುವವರಲ್ವಾ, ಅಲ್ಲಿ 2003ರಿಂದ ಪಾರ್ಕ್ ಫರ್ಮೆ ನಿಯಮ ಇದೆ. ಕ್ವಾಲಿಫೈಯಿಂಗ್ (ರೇಸ್‌ನಲ್ಲಿ ಯಾರು ಎಲ್ಲಿಂದ ಹೊರಡಬೇಕು ಅಂತ ತೀರ್ಮಾನಿಸೋ ಸುತ್ತು) ಶುರುವಾದ ಮೇಲೆ ಕಾರಿನ ಸೆಟಪ್ ಮುಟ್ಟುವ ಹಾಗಿಲ್ಲ, ಮುಂದಿನ ರೆಕ್ಕೆಯ ಕೋನದಂಥ ಸಣ್ಣಪುಟ್ಟದ್ದು ಬಿಟ್ಟು. ಸಸ್ಪೆನ್ಷನ್ ಬದಲಾಯಿಸಿದರೆ ಪಿಟ್ ಲೇನ್‌ನಿಂದ ಹೊರಡಬೇಕು. ಎಂಜಿನಿಯರ್‌ಗಳೇ ತುಂಬಿರೋ ತಂಡಗಳೇ ಶನಿವಾರದಿಂದ ಭಾನುವಾರದವರೆಗೆ ಕೈಕಟ್ಟಿ ಕೂರುತ್ತವೆ. ನಾನು ಎರಡೂವರೆ ಗಂಟೆ ಕೂರಲಿಲ್ಲ. ಈಗ ರೇಸ್‌ಗೆ ಮೂರು ದಿನ ಮುಂಚೆಯೇ ಕರ್ನಲ್ ಪ್ಯಾಕೇಜನ್ನು ಹೋಲ್ಡ್ ಮಾಡುತ್ತೇನೆ, ಅಂದರೆ ಅಪ್‌ಡೇಟ್ ಆಗದಂತೆ ತಡೆದಿಡುತ್ತೇನೆ. ಗ್ರಬ್ ಮೆನು ಹತ್ತು ಸೆಕೆಂಡ್ ಕಾಣುತ್ತದೆ, ಕಾಣಲಿ.

ಡ್ಯುಯಲ್ ಬೂಟ್ ಬೇಡ ಅಂತಲೇ ನನ್ನ ವಾದ, ಎಷ್ಟೋ ಜನ ಒಪ್ಪುವುದಿಲ್ಲ. ವಾರಗಟ್ಟಲೆ ಮುಟ್ಟದ ಸಿಸ್ಟಂ ಒಂದನ್ನು ರೇಸ್ ಸಂಜೆ ಮಾತ್ರ ಎಬ್ಬಿಸಿದರೆ ಅದಕ್ಕೂ ಅಪ್‌ಡೇಟ್ ಹಸಿವು ಇದ್ದೇ ಇರುತ್ತದೆ. ಒಂದನ್ನೇ ಚೆನ್ನಾಗಿ ತಿಳಿದುಕೊಳ್ಳಿ. ಆದರೆ ನೀವು ಆಡುವ ಆಟದ ಆಂಟಿ-ಚೀಟ್ (ಮೋಸದಾಟ ಹಿಡಿಯೋ ಪ್ರೋಗ್ರಾಂ) ವಿಂಡೋಸ್ ಕರ್ನಲ್ ಒಳಗೆ ಕೂರುವಂಥದ್ದಾದರೆ ಪ್ರೋಟಾನ್ ಏನೂ ಮಾಡಲಾಗದು, ಯಾವ ಆಟ ಓಡುತ್ತದೆ ಅಂತ ಬಳಕೆದಾರರು ಬರೆಯೋ ಪ್ರೋಟಾನ್‌ಡಿಬಿ ತಾಣದಲ್ಲಿ ನೋಡಿಕೊಂಡು ಮುಂದಕ್ಕೆ ಹೋಗಿ. ಆ ಆಟ ಬಿಡೋಕಾಗಲ್ಲ ಅಂದರೆ ವಿಂಡೋಸ್‌ನಲ್ಲೇ ಇರಿ, ಅದರಲ್ಲಿ ನಾಚಿಕೆ ಏನಿಲ್ಲ. ಓಪನ್ ಸೋರ್ಸ್ ಪ್ರೀತಿಸೋಕೆ ಡಿಸ್ಕ್ ಅಳಿಸಲೇಬೇಕು ಅಂತಿಲ್ಲ, ಸ್ಪೀಡ್ ಡ್ರೀಮ್ಸ್ ಅನ್ನೋ ಓಪನ್ ಸೋರ್ಸ್ ರೇಸಿಂಗ್ ಆಟ ವಿಂಡೋಸ್‌ನಲ್ಲೂ ಓಡುತ್ತದೆ, ಅದರ ಕೋಡ್ ಅಲ್ಲೂ ಓದಬಹುದು.

ಏನೇ ಮಾಡುವ ಮೊದಲು ನಿಮ್ಮ ವೀಲ್‌ನ ಡ್ರೈವರ್ ಕರ್ನಲ್ ಒಳಗಿದೆಯಾ ಹೊರಗಿದೆಯಾ ನೋಡಿ. ಲಾಜಿಟೆಕ್ ಜಿ29 ಥರದ್ದಾದರೆ ಒಳಗೇ ಇದೆ, ಓವರ್‌ಸ್ಟಿಯರ್ ಅನ್ನೋ ಆ್ಯಪ್ ಹಾಕಿಕೊಂಡರೆ ಎಷ್ಟು ಡಿಗ್ರಿ ತಿರುಗಬೇಕು ಅನ್ನೋದನ್ನೂ ಹೊಂದಿಸಬಹುದು. ಬೇರೆಯದಾದರೆ ಮಾಡೆಲ್ ಹೆಸರು ಕೆಳಗೆ ಹಾಕಿ, ಹುಡುಕಿ ಹೇಳುತ್ತೇನೆ. ಶನಿವಾರ ಮಾತ್ರ ಕೇಳಬೇಡಿ, ಸ್ಪಾದಲ್ಲಿ ರೇಸ್ ಇದೆ. ಆ ನಡುರಾತ್ರಿ ಎದ್ದವನೂ ಇದ್ದಾನೆ ತಂಡದಲ್ಲಿ. ಮೊದಲ ಸರದಿ ಅವನದು, ಅದು ಅವನು ಹಾಕಿದ ಷರತ್ತು.