ಕಸದ ಬುಟ್ಟಿಯಾಚೆ ಒಂದು ಕೈ

ಈ ಸಲ ಬಂದ ಪತ್ರಗಳಲ್ಲಿ ಕಸದ ಮಾತೇ ಹೆಚ್ಚು. ಬಿಸಾಡಿದ್ದು ಯಾರ ಕೈಗೆ, ಯಾವುದರ ಹೊಟ್ಟೆಗೆ ಹೋಯಿತೆಂದು ಬಿಸಾಡಿದವರಿಗೆ ತಿಳಿಯುವುದೇ ಇಲ್ಲ. ಹಾಗಾಗಿ ಅವುಗಳಲ್ಲೇ ಐದನ್ನು ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಗಾಜಿನ ಲೋಟ ಒಡೆದರೆ ಪೇಪರಿನಲ್ಲಿ ಸುತ್ತಿಯೇ ಕಸಕ್ಕೆ ಹಾಕುತ್ತೇನೆ. ಆದರೂ ಕಸದ ಆಟೋದವರು ‘ಗಾಜು ಹಾಕ್ಬೇಡಿ ಅಮ್ಮಾ’ ಎಂದು ಬೇಸರ ಮಾಡಿಕೊಂಡರು. ಸುತ್ತಿದ್ದು ಸಾಲದೆ?
— ಓದುಗರು, ಮೈಸೂರು

ಸಾಲದು. ಪಕ್ಕದಲ್ಲಿ ಸಾರಿನ ಚರಟವೋ ಟೀ ಸೊಪ್ಪೋ ಇದ್ದರೆ ಪೇಪರು ಅರ್ಧ ಗಂಟೆಯಲ್ಲಿ ನೆನೆದು ಹರಿಯುತ್ತದೆ. ಪ್ಲಾಸ್ಟಿಕ್ ಕವರನ್ನು ಗಾಜು ತಾನೇ ಸೀಳುತ್ತದೆ. ಆಟೋದಲ್ಲಿ ಜಾಗ ಸಾಲದಾಗ ಕಸವನ್ನು ಅಂಗೈಯಿಂದ ಒತ್ತುತ್ತಾರೆ, ಚೀಲವನ್ನು ತೊಡೆಗೆ ಆನಿಸಿ ಎತ್ತುತ್ತಾರೆ. ಚೂರು ತಗಲುವುದು ಅಲ್ಲೇ.

ದೊಡ್ಡ ಚೂರುಗಳನ್ನು ನಾಲ್ಕೈದು ಪದರ ಪೇಪರಿನಲ್ಲಿ ಸುತ್ತಿ ರಟ್ಟಿನ ಡಬ್ಬಿಗೆ ಹಾಕಿ. ಚಪ್ಪಲಿ ಡಬ್ಬಿಯೂ ನಡೆಯುತ್ತದೆ. ಸುತ್ತಲೂ ಟೇಪ್ ಅಂಟಿಸಿ, ಮಾರ್ಕರಿನಲ್ಲಿ ದಪ್ಪಕ್ಷರದಲ್ಲಿ ‘ಒಡೆದ ಗಾಜು’ ಎಂದು ಬರೆಯಿರಿ. ಓದು ಬಾರದವರೂ ಇರುತ್ತಾರೆ, ಪಕ್ಕದಲ್ಲೊಂದು ಒಡೆದ ಲೋಟದ ಚಿತ್ರ ಗೀಚಿ. ನೆಲದ ಮೇಲಿನ ಪುಡಿಗೆ ಪೊರಕೆ ಹಿಡಿಯಬೇಡಿ. ಕಡ್ಡಿಗಳ ನಡುವೆ ಸಿಕ್ಕಿಕೊಂಡ ಚೂರು ನಾಳೆ ಗುಡಿಸುವವರ ಕಾಲಿಗೆ ಚುಚ್ಚುತ್ತದೆ. ಒದ್ದೆ ಪೇಪರಿನಿಂದ ಒತ್ತಿ ತೆಗೆಯಿರಿ, ಇಲ್ಲವೇ ಚಪಾತಿ ಹಿಟ್ಟಿನ ಉಂಡೆ ಹೊರಳಿಸಿ, ಆ ಉಂಡೆಯನ್ನೂ ಡಬ್ಬಿಗೇ ಹಾಕಿ. ಡಬ್ಬಿಯನ್ನು ಒಣ ಕಸದವರ ಕೈಗೇ ಕೊಟ್ಟು, ಒಳಗೆ ಗಾಜಿದೆ ಎಂದು ಬಾಯಿಬಿಟ್ಟು ಹೇಳಿ. ಇದೆಲ್ಲದರಲ್ಲಿ ಹೆಚ್ಚು ಕೆಲಸ ಮಾಡುವುದು ಆ ಮಾತೇ.

ಬ್ಲೇಡುಗಳಿಗೆ ಮುಚ್ಚಳವಿರುವ ಸಣ್ಣ ತಗಡಿನ ಡಬ್ಬಿ ಇಟ್ಟುಕೊಳ್ಳಿ. ಮುಚ್ಚಳದಲ್ಲಿ ಬ್ಲೇಡ್ ತೂರುವಷ್ಟು ಸೀಳು ಮಾಡಿದರೆ ಸಾಕು, ತುಂಬಲು ವರ್ಷಗಳೇ ಬೇಕು. ಮಣ್ಣಿನ ಹುಂಡಿ ಮಾತ್ರ ಬೇಡ. ಆಟೋದಲ್ಲಿ ಬಿದ್ದು ಒಡೆದರೆ ಕೂಡಿಟ್ಟ ಬ್ಲೇಡೆಲ್ಲ ಒಟ್ಟಿಗೇ ಹೊರಗೆ.

ಪ್ರಶ್ನೆ: ಮಾವನವರು ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಸೂಜಿಗೆ ಮುಚ್ಚಳ ಹಾಕಿಯೇ ಕಸಕ್ಕೆ ಹಾಕುತ್ತಿದ್ದೇವೆ. ಸರಿಯೇ?
— ಓದುಗರು, ದಾವಣಗೆರೆ

ತಿಂಗಳಿಗೆ 120 ಸೂಜಿ ಆಯಿತು. ಇನ್ಸುಲಿನ್ ಪೆನ್ನಿನ ಸೂಜಿಯ ಪ್ಲಾಸ್ಟಿಕ್ ಮುಚ್ಚಳ ಕಸದ ಭಾರಕ್ಕೆ ಸಲೀಸಾಗಿ ಕಳಚುತ್ತದೆ. 4 ಮಿಲಿಮೀಟರ್ ಸೂಜಿ ಕಣ್ಣಿಗೆ ಬೀಳುವುದಿಲ್ಲ, ಬೆರಳಿಗೆ ಸಿಗುತ್ತದೆ.

ಚುಚ್ಚಿಸಿಕೊಂಡವರಿಗೆ ಅದು ಯಾರ ರಕ್ತವೆಂದು ತಿಳಿಯುವ ದಾರಿಯಿಲ್ಲ. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ 7 ದಿನವಾದರೂ ಜೀವಂತ ಉಳಿಯಬಲ್ಲದು. ಎಚ್‌ಐವಿ ತಗಲುವ ಸಾಧ್ಯತೆ ತೀರಾ ಕಡಿಮೆ. ಆದರೂ ವೈದ್ಯರು ಬೇಕೆಂದರೆ 28 ದಿನ ಮಾತ್ರೆ ನುಂಗಬೇಕು, ತಿಂಗಳುಗಟ್ಟಲೆ ರಕ್ತಪರೀಕ್ಷೆಗೆ ಅಲೆಯಬೇಕು. ನಿಮ್ಮ ಮಾವನವರಿಗೆ ಸಕ್ಕರೆ ಕಾಯಿಲೆ ಬಿಟ್ಟು ಬೇರೇನೂ ಇಲ್ಲದಿರಬಹುದು. ಅದು ಚುಚ್ಚಿಸಿಕೊಂಡವರಿಗೆ ಹೇಗೆ ಗೊತ್ತಾಗಬೇಕು?

ನೆಲ ಒರೆಸುವ ದ್ರಾವಣ ಅಥವಾ ಬಟ್ಟೆ ಒಗೆಯುವ ಲಿಕ್ವಿಡ್ ಬರುವ ದಪ್ಪ ಪ್ಲಾಸ್ಟಿಕ್ ಬಾಟಲಿಯಲ್ಲಿ ಸೂಜಿ ಸಂಗ್ರಹಿಸಿ. ನೀರಿನ ಬಾಟಲಿ ತೆಳು, ಹಿಸುಕಿದರೆ ಸೂಜಿ ಹೊರಬರುತ್ತದೆ. ಸೂಜಿಯನ್ನು ಕೈಯಲ್ಲಿ ಮುರಿಯಬೇಡಿ. ಬಾಟಲಿ ಮುಕ್ಕಾಲು ತುಂಬಿದಾಗ ನಿಲ್ಲಿಸಿ. ಇನ್ನೊಂದೇ ಒಂದು ಎಂದು ತುರುಕುವಾಗಲೇ ಮನೆಯವರ ಕೈಗೆ ಚುಚ್ಚುವುದು. ಬಿರಡೆ ಬಿಗಿದು, ಟೇಪ್ ಸುತ್ತಿ, ‘ಸೂಜಿ’ ಎಂದು ಬರೆದು, ನೀವು ಹೋಗುವ ಆಸ್ಪತ್ರೆಯಲ್ಲೋ ಲ್ಯಾಬಿನಲ್ಲೋ ತೆಗೆದುಕೊಳ್ಳುತ್ತಾರೆಯೇ ಎಂದು ಕೇಳಿ. ಅವರ ಸೂಜಿಗಳು ಹೇಗೂ ಪ್ರತ್ಯೇಕವಾಗಿ ವಿಲೇವಾರಿಗೆ ಹೋಗುತ್ತವೆ. ಒಪ್ಪದಿದ್ದರೆ ಆಟೋದವರಿಗೇ ಬೇರೆಯಾಗಿ ಕೊಡಿ. 2016ರ ಘನತ್ಯಾಜ್ಯ ನಿಯಮಗಳು ಬಳಸಿದ ಸೂಜಿ, ಅವಧಿ ಮೀರಿದ ಔಷಧಿ ಎರಡನ್ನೂ ಮನೆಯ ಅಪಾಯಕಾರಿ ಕಸವೆಂದೇ ಎಣಿಸಿದ್ದವು. ಕೊಡುವಾಗ ಅದೇ ಹೆಸರು ಹೇಳಿ.

ಪ್ರಶ್ನೆ: ಉಳಿದ ಅನ್ನ, ಪಲ್ಯವನ್ನು ಕವರಿನಲ್ಲಿ ಕಟ್ಟಿ ಬೀದಿ ಹಸುಗಳಿಗೆಂದು ಇಡುತ್ತೇವೆ. ಕವರ್ ತಿಂದರೆ ಅಪಾಯವೆಂದು ಗೊತ್ತು, ಬಿಚ್ಚಿಟ್ಟರೆ ಆಯಿತಲ್ಲವೇ?
— ಓದುಗರು, ಹಾಸನ

ಬಿಚ್ಚಿಟ್ಟರೂ ಎರಡು ಅಪಾಯ ಉಳಿಯುತ್ತವೆ.

ಮೊದಲನೆಯದು ಪಿನ್ನು, ತಂತಿ. ಹಸು ಮೇವನ್ನು ನಾಲಿಗೆಯಿಂದ ಬಾಚಿಕೊಂಡು, ಸರಿಯಾಗಿ ಅಗಿಯದೆ ನುಂಗುತ್ತದೆ. ಮೆಲುಕು ಹಾಕುವುದು ಆಮೇಲೆ. ತುಟಿಯಿಂದ ಹೆಕ್ಕಿ ಬೇರ್ಪಡಿಸುವ ಚಾಕಚಕ್ಯತೆ ಮೇಕೆಗಿದೆ, ಹಸುವಿಗಿಲ್ಲ. ನುಂಗಿದ ಮೊಳೆ, ತಂತಿ ಜೇನುಗೂಡಿನಂಥ ಗೋಡೆಯಿರುವ ಎರಡನೇ ಹೊಟ್ಟೆಯಲ್ಲಿ ತಂಗುತ್ತದೆ. ಆ ಹೊಟ್ಟೆಗೂ ಹೃದಯಕ್ಕೂ ನಡುವೆ ವಪೆಯೆಂಬ ತೆಳು ಸ್ನಾಯುಪದರವೊಂದೇ ಅಡ್ಡ. ಹೊಟ್ಟೆ ಹಿಂಡಿದಾಗಲೆಲ್ಲ ತಂತಿ ಮುಂದೆ ಸರಿದು ಹೃದಯದ ಪೊರೆಯನ್ನು ಚುಚ್ಚಬಹುದು. ಆಗ ಹಸು ಬೆನ್ನು ಗೂನು ಮಾಡಿ, ಮುಂಗಾಲುಗಳನ್ನು ಅಗಲಿಸಿ ನಿಲ್ಲುತ್ತದೆ, ಇಳಿಜಾರಿನಲ್ಲಿ ನರಳುತ್ತದೆ, ಹಾಲು ಥಟ್ಟನೆ ಇಳಿಯುತ್ತದೆ. ಬೀದಿಯಲ್ಲಿ ಕಾಣುವ ಹಸುಗಳಲ್ಲಿ ಎಷ್ಟಕ್ಕೋ ಯಜಮಾನರಿದ್ದಾರೆ, ಹಾಲಿನಿಂದಲೇ ಅವರ ಸಂಸಾರ ನಡೆಯುತ್ತದೆ. ಹೂಗುಚ್ಛದ ತಂತಿ, ಹಾರದ ಪಿನ್ನು, ಊಟದ ಎಲೆಗೆ ಹಾಕಿದ ಸ್ಟೇಪಲ್, ಬೀಡಾಕ್ಕೆ ಚುಚ್ಚಿದ ಕಡ್ಡಿ, ಇವನ್ನು ಮೊದಲು ತೆಗೆಯಿರಿ.

ಎರಡನೆಯದು ಅನ್ನವೇ. ಮದುವೆ ಮನೆಯ ಉಳಿಕೆ ಅನ್ನ, ಪಾಯಸವನ್ನು ಹಸುವಿನ ಮುಂದೆ ರಾಶಿ ಸುರಿದರೆ ಹೊಟ್ಟೆಯಲ್ಲಿ ಅದು ಬೇಗ ಹುಳಿಯಾಗಿ, ಆಮ್ಲ ಏರಿ, ಹಸು ಮಲಗಿಬಿಡಬಹುದು. ಒಂದೆರಡು ದಿನದಲ್ಲಿ ಸತ್ತದ್ದೂ ಇದೆ. ಪುಣ್ಯ ಕಟ್ಟಿಕೊಳ್ಳಲು ಹೋಗಿ ಹೀಗಾಗುವುದು ಬೇಡ. ತರಕಾರಿ ಸಿಪ್ಪೆ, ಬಾಳೆ ಎಲೆಯನ್ನು ಬಾನಿಯಲ್ಲಿಟ್ಟರೆ ಚೆನ್ನ. ಅನ್ನ ಕೊಡಲೇಬೇಕೆಂದರೆ ಒಂದು ಹಿಡಿ. ಉಳಿದದ್ದು ಹಸಿ ಕಸಕ್ಕೆ, ಕವರಿಲ್ಲದೆ.

ಪ್ರಶ್ನೆ: ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸಿ ಎಸೆಯಬಾರದಂತೆ. ಅಷ್ಟು ಚಿಕ್ಕ ತುಂಡಿನಿಂದ ಏನಾದೀತು?
— ಓದುಗರು, ಶಿವಮೊಗ್ಗ

ಒಣ ಕಸ ಬೇರ್ಪಡಿಸುವವರು ಬೆರಳುಗುರಿನಷ್ಟು ತುಂಡನ್ನು ಹೆಕ್ಕಲಾರರು. ಅದು ಹಸಿ ಕಸದ ಜೊತೆ ಗೊಬ್ಬರಕ್ಕೋ ಚರಂಡಿಗೋ ಸೇರುತ್ತದೆ. ಸೀಳು ಮಾತ್ರ ಮಾಡಿ, ತುಂಡು ಕವರಿಗೇ ಅಂಟಿಕೊಂಡಿರಲಿ. ಖಾಲಿ ಕವರನ್ನು ಪಾತ್ರೆ ತೊಳೆದ ನೀರಿನಲ್ಲೇ ಜಾಲಿಸಿ ಒಣಗಿಸಿ. ಜಿಡ್ಡು ಹಾಲಿನ ಕವರೊಂದು ಚೀಲದಲ್ಲಿದ್ದರೆ ಪಕ್ಕದ ಪೇಪರೂ ನಾರುತ್ತದೆ, ಗುಜರಿಯಲ್ಲಿ ಬೆಲೆ ಇಳಿಯುತ್ತದೆ. ಆ ನಷ್ಟ ಕಸ ಆರಿಸಿ ಮಾರುವವರದು.

ಪ್ರಶ್ನೆ: ನಮ್ಮ ಗೇಟಿನಲ್ಲೇ ಕಸ ತೆಗೆಯುವವರ ಕೈ ಕೊಯ್ದುಕೊಂಡರೆ ತಕ್ಷಣ ಏನು ಮಾಡಬೇಕು?
— ಓದುಗರು, ಬೆಂಗಳೂರು

ಅರಿಶಿನ, ಕಾಫಿಪುಡಿ, ಸುಣ್ಣ ಯಾವುದೂ ಬೇಡ. ನಲ್ಲಿ ನೀರು, ಸೋಪಿನಿಂದ ಚೆನ್ನಾಗಿ ತೊಳೆಸಿ, ಶುಭ್ರ ಬಟ್ಟೆಯಿಂದ 10 ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ಆಳಕ್ಕೆ ಇಳಿದ ಚೂರನ್ನು ಎಳೆಯಬೇಡಿ, ವೈದ್ಯರೇ ತೆಗೆಯಲಿ. ಕೊಳಕು ಗಾಯವಾದ್ದರಿಂದ ಕಳೆದ 5 ವರ್ಷದಲ್ಲಿ ಧನುರ್ವಾಯು ಲಸಿಕೆ ಹಾಕಿಸಿಲ್ಲವೆಂದರೆ ಹಾಕಿಸಬೇಕು. ಚುಚ್ಚಿದ್ದು ಸೂಜಿಯಾದರೆ ಬೆರಳು ಹಿಂಡಿ ರಕ್ತ ತೆಗೆಯುವುದೂ ಬೇಡ. ತೊಳೆದು ನೇರ ಸರ್ಕಾರಿ ಆಸ್ಪತ್ರೆಗೆ. ಎಚ್‌ಐವಿ ತಡೆಯುವ ಮಾತ್ರೆ ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು, 72 ಗಂಟೆ ಮೀರಿದರೆ ಉಪಯೋಗವಿಲ್ಲ. ಅರ್ಧ ದಿನದ ಕೂಲಿ ಹೋಗುತ್ತದೆಂದು ಅವರು ಹಿಂಜರಿಯಬಹುದು. ಎಲ್ಲಿ, ಎಷ್ಟು ಹೊತ್ತಿಗೆ, ಏನು ಚುಚ್ಚಿತೆಂದು ಅವರ ಮೇಸ್ತ್ರಿಗೆ ನೀವೇ ಫೋನ್ ಮಾಡಿ, ಅದನ್ನೇ ಒಂದು ಚೀಟಿಯಲ್ಲಿ ಬರೆದು ಅವರ ಕೈಗೂ ಕೊಡಿ.