ಹಳೆಯ ರೇವಾ ಕೊಳ್ಳಬಹುದಾ?
ಸೆಕೆಂಡ್ ಹ್ಯಾಂಡ್ ರೇವಾ ಎಲೆಕ್ಟ್ರಿಕ್ ಕಾರು ಕೊಳ್ಳಬಹುದಾ, ಬ್ಯಾಟರಿ ಕಥೆ ಏನು ಅಂತ ಕೇಳಿದ್ದೀರಿ. ಕೊಳ್ಳಿ ಸರ್, ಆದರೆ ಮೊದಲು ಮುಂದಿನ ಸೀಟು ಎತ್ತಿಸಿ ನೋಡಿ. ಹಳೆಯ ಮಾದರಿಯಲ್ಲಿ ಅದರಡಿ 6 ವೋಲ್ಟಿನ 8 ಲೆಡ್-ಆಸಿಡ್ ಬ್ಯಾಟರಿಗಳಿರುತ್ತವೆ. ಟರ್ಮಿನಲ್ ಮೇಲೆ ಬಿಳಿ ಪುಡಿ ಕಟ್ಟಿ, ನೀರು ತಳ ಕಂಡಿದ್ದರೆ ಹೊಸ ಸೆಟ್‌ನ ಖರ್ಚನ್ನು ಈಗಲೇ ಲೆಕ್ಕಕ್ಕೆ ಹಿಡಿಯಿರಿ. ಡಿಸ್ಟಿಲ್ಡ್ ವಾಟರ್ ಹಾಕುವುದನ್ನು ತಪ್ಪಿಸಲೇಬಾರದು. ಒಂದೇ ಬ್ಯಾಟರಿ ಸೋತರೂ ಇಡೀ ಗಾಡಿಯ ಓಟ ಇಳಿಯುತ್ತದೆ. ಹೊಸದರಲ್ಲಿ ಒಂದು ಚಾರ್ಜ್‌ಗೆ ಹೇಳುತ್ತಿದ್ದ 80 ಕಿ.ಮೀ. ಸುಮ್ನೆ ನಂಬಬೇಡಿ, ಓಡಿಸಿ ನೋಡಿ.

ಬಾಡಿ ಪ್ಲಾಸ್ಟಿಕ್, ತುಕ್ಕು ಹಿಡಿಯಲ್ಲ. ಒಳಗಿನ ಉಕ್ಕಿನ ಫ್ರೇಮ್ ಮಾತ್ರ ನೋಡಿಕೊಳ್ಳಿ. 2001ರಲ್ಲಿ ನಮ್ಮ ಬೆಂಗಳೂರಲ್ಲಿ ಹುಟ್ಟಿ, ಲಂಡನ್ ಬೀದಿಗಳಲ್ಲಿ ಜಿ-ವಿಜ್ ಹೆಸರಲ್ಲಿ ಓಡಿದ ಕಾರು ಇದು. ಎಷ್ಟು ಹೆಮ್ಮೆಯ ವಿಷಯ ಅಲ್ವಾ! 2010ರಲ್ಲಿ ಕಂಪನಿ ಮಹೀಂದ್ರಾ ಕೈಗೆ ಹೋಯಿತು. 15 ವರ್ಷ ದಾಟಿದ ಗಾಡಿಯಾದರೆ ಆರ್‌ಸಿ ನವೀಕರಣ ಆಗಿದೆಯಾ ನೋಡಿ. ಮೋಟರಿಗೆ ಹೋಗುವ ಕರೆಂಟ್ ಹಿಡಿತದಲ್ಲಿಡುವ ಕಂಟ್ರೋಲರ್ ಕೆಟ್ಟಿದ್ದರೆ ಮಾತ್ರ ಬೇಡ, ಬಿಟ್ಟುಬಿಡಿ.